ಗೆಳೆಯನಿಗೊಂದು ಪತ್ರ: ರಷ್ಯದ ರೈತನ ದುಡಿಮೆ, ದುಡ್ಡು, ರೊಟ್ಟಿ

ಪ್ರಿಯ ಗೆಳೆಯಾ,

‘ಕೆಲಸವೇನು ತೋಳವೇ, ಕಾಡಿಗೆ ಓಡಿಹೋಗೋಕೆ?’ ಎಂಬ ರಷ್ಯನ್ ಗಾದೆ ಓದಿ, ಅಲ್ಲಿನ ಹಳ್ಳಿಗರು ಅಷ್ಟು ಸೋಮಾರಿಗಳೇ ಎಂದು ಕೇಳಿದ್ದೀಯ. ‘ಬೇಸಿಗೆಯ ಒಂದು ದಿನ ವರ್ಷವಿಡೀ ಸಾಕುತ್ತದೆ’ ಅನ್ನುವುದೂ ಅದೇ ಜನ. ಮೊದಲನೆಯದು ಹಿಮಗಾಲಕ್ಕೆ ಒಪ್ಪುತ್ತದೆ, ಎರಡನೆಯದು ಆಗಸ್ಟ್‌ಗೆ.

ನಾನು ಹೇಳುವುದು ಹತ್ತೊಂಬತ್ತನೆಯ ಶತಮಾನದ ಹಳ್ಳಿಯ ಮಾತು. ಮಧ್ಯ ರಷ್ಯದಲ್ಲಿ ಹೊಲದ ಕೆಲಸ ಏಪ್ರಿಲ್ ಕೊನೆಗೆ ಶುರುವಾದರೆ ಸೆಪ್ಟೆಂಬರ್‌ಗೆ ಮುಗಿದೇ ಹೋಗುತ್ತದೆ. ಹಳೆಯ ಪದ್ಧತಿಯಲ್ಲಿ ಜಮೀನು ಮೂರು ಪಾಲು: ಒಂದರಲ್ಲಿ ಚಳಿಗಾಲ ದಾಟಿ ಬೆಳೆಯುವ ರೈ ಎಂಬ ಗೋಧಿಯಂಥ ಧಾನ್ಯ, ಇನ್ನೊಂದರಲ್ಲಿ ಓಟ್ಸ್‌ನಂಥ ಬೇಸಿಗೆ ಬೆಳೆ, ಮೂರನೆಯದು ಬೀಳು. ಒಂದು ಚೀಲ ಬಿತ್ತಿದರೆ ಸಾಮಾನ್ಯವಾಗಿ ಮೂರೋ ನಾಲ್ಕೋ ಚೀಲ. ಅದರಲ್ಲೂ ಒಂದು ಚೀಲ ಮುಂದಿನ ಬಿತ್ತನೆಗೆ. ಜುಲೈ ನಡುವಿನಲ್ಲಿ ಹುಲ್ಲು ಕೊಯ್ಲು. ಇಬ್ಬನಿ ಆರಿದರೆ ಉದ್ದ ಹಿಡಿಯ ಕುಡುಗೋಲು ಎಳೆಯುವುದು ಕಷ್ಟ, ಹಾಗಾಗಿ ನಸುಕಿಗೇ ಇಳಿಯಬೇಕು. ಒಣಗಲು ಹರಡಿದ ಹುಲ್ಲಿನ ಮೇಲೆ ಮಳೆ ಸುರಿದರೆ ಕೊಳೆಯುತ್ತದೆ. ದನಗಳೋ ವರ್ಷದ ಅರ್ಧಕ್ಕೂ ಹೆಚ್ಚು ಕೊಟ್ಟಿಗೆಯಲ್ಲೇ. ಹುಲ್ಲು ಕೊಯ್ಲು ಮುಗಿಯಿತೋ ಇಲ್ಲವೋ, ರೈ ಕೊಯ್ಯಬೇಕು, ಅದರಲ್ಲೇ ಒಂದಿಷ್ಟು ಬಡಿದು ಬೀಜ ಮಾಡಿಕೊಂಡು ಬೀಳು ಹೊಲಕ್ಕೆ ಬಿತ್ತಬೇಕು, ಅಷ್ಟರಲ್ಲಿ ಓಟ್ಸ್ ಹಣ್ಣಾಗಿರುತ್ತದೆ. ಆ ಕೆಲವು ವಾರ ಮೈಮುರಿದು ದುಡಿದವರು ಫೆಬ್ರವರಿಯಲ್ಲಿ ಅವಸರ ಮಾಡದಿದ್ದರೆ ಅದನ್ನು ಸೋಮಾರಿತನ ಅನ್ನಲಾರೆ. ಆಗಲೂ ಅಗಸೆ ನಾರು ನೂಲುತ್ತಿದ್ದರು, ಲಿಂಡನ್ ಮರದ ನಾರಿನಿಂದ ‘ಲಾಪ್ತಿ’ ಪಾದರಕ್ಷೆ ಹೆಣೆಯುತ್ತಿದ್ದರು.

ದುಡ್ಡು ಬೇಕಾಗಿದ್ದು ಉಪ್ಪು, ಕಬ್ಬಿಣ, ಗಾಡಿ ಅಚ್ಚಿಗೆ ಹಚ್ಚುವ ಡಾಂಬರಿಗೆ. ಎಲ್ಲಕ್ಕಿಂತ ಹೆಚ್ಚಾಗಿ ತೆರಿಗೆಗೆ. 1861ರಲ್ಲಿ ಜೀತ ರದ್ದಾದರೂ, ರೈತರು ತಮಗೆ ಸಿಕ್ಕ ಜಮೀನಿಗೆ ಸರ್ಕಾರಕ್ಕೆ ಕಟ್ಟಬೇಕಿದ್ದ ಬಿಡುಗಡೆ ಕಂತು 1907ರವರೆಗೆ ಬಿಡಲಿಲ್ಲ. ಒಬ್ಬ ಕಟ್ಟದಿದ್ದರೆ ಊರೆಲ್ಲ ಹೊಣೆ ಎಂಬ ಕಟ್ಟಳೆ ಬಹುತೇಕ ಕಡೆ 1903ರವರೆಗೂ ಇತ್ತು. ಹಾಗಾಗಿ ತೆರಿಗೆ ಕಟ್ಟಲು ಶರತ್ಕಾಲದಲ್ಲಿ ಎಲ್ಲರೂ ಒಟ್ಟಿಗೆ ಧಾನ್ಯ ಮಾರಿ ಬೆಲೆ ಬಿದ್ದುಹೋಗುತ್ತಿತ್ತು. ವಸಂತದಲ್ಲಿ ಅದನ್ನೇ ದುಬಾರಿಗೆ ಕೊಳ್ಳಬೇಕು. ಕೈಯಲ್ಲಿ ಕಾಸಿಲ್ಲದವನು ಊರ ಸಾಹುಕಾರನಿಂದ ಹಿಟ್ಟು ಸಾಲ ತಂದು, ಬೇಸಿಗೆಯ ಕೂಲಿಯಲ್ಲಿ ತೀರಿಸುತ್ತಿದ್ದ. ಅವನು ಸಾಹುಕಾರನ ಹೊಲದಲ್ಲಿದ್ದಾಗ ಅವನದೇ ರೈ ಕಾಳು ಉದುರುತ್ತಿತ್ತು, ಮುಂದಿನ ಚಳಿಗಾಲಕ್ಕೆ ಮತ್ತೆ ಸಾಲ. ದುಡ್ಡಿನ ಮೇಲೆ ಆ ಜನಕ್ಕೆ ಅಪನಂಬಿಕೆ ಇತ್ತು; ಅದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದೇ.

ನನಗೆ ಬಹಳ ಇಷ್ಟವಾದದ್ದು ‘ಪೋಮಚ್’. ಕೆಲವು ಕಡೆ ‘ತೊಲೊಕಾ’ ಅನ್ನುತ್ತಾರೆ. ಮನೆಯ ಮರದ ಗೋಡೆ ಏರಿಸಲು, ಹೊಲಕ್ಕೆ ಗೊಬ್ಬರ ಹೊಡೆಯಲು ನೆರೆಹೊರೆಯನ್ನು ಕರೆಯುವುದು. ಹೆಚ್ಚಾಗಿ ಭಾನುವಾರ ಇಲ್ಲವೇ ಹಬ್ಬದ ದಿನ: ಆವತ್ತು ತನ್ನ ಹೊಲದಲ್ಲಿ ದುಡಿದರೆ ಪಾಪ, ನೆರೆಯವನಿಗೆ ನೆರವಾದರೆ ಅಲ್ಲ. ಕೂಲಿಯ ಮಾತೇ ಇಲ್ಲ. ಕರೆದವನು ಹೊಟ್ಟೆ ತುಂಬ ಊಟ, ವೋಡ್ಕಾ ಕೊಡಬೇಕಿತ್ತು, ತನ್ನನ್ನು ಕರೆದಾಗ ಹೋಗಬೇಕಿತ್ತು. ನಮ್ಮ ಮುಯ್ಯಾಳಿನಲ್ಲಿ ಆಳಿಗೆ ಆಳು ಲೆಕ್ಕ; ಅಲ್ಲಿ ಹಾಗೆ ಎಣಿಸುತ್ತಿರಲಿಲ್ಲ. ಊಟದಲ್ಲಿ ಕೈ ಬಿಗಿ ಮಾಡಿದವನ ಮನೆಗೆ ಮಾತ್ರ ಮತ್ತೆ ಜನ ಬರುವುದು ಕಷ್ಟ. ವಿಧವೆಗೆ, ಮನೆ ಸುಟ್ಟವರಿಗೆ ಊರ ಸಭೆಯೇ ಜನ ಕಳಿಸುತ್ತಿತ್ತು. ಅವರಿಂದ ಊಟ ಬಯಸುತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಚಳಿಗಾಲಕ್ಕೆಂದು ಎಲೆಕೋಸು ಹುಳಿ ಹಾಕುವ ಸರದಿ. ಹುಡುಗಿಯರು ಮನೆಯಿಂದ ಮನೆಗೆ ಹೋಗಿ ಹೆಚ್ಚುತ್ತಿದ್ದರು. ಹತ್ತು ಕೆಜಿ ಕೋಸಿಗೆ 200ರಿಂದ 250 ಗ್ರಾಂ ಉಪ್ಪು, ಒಂದಿಷ್ಟು ಕ್ಯಾರೆಟ್. ನೀರು ಬಿಡುವಷ್ಟು ಹಿಸುಕಿ, ಮರದ ಪೀಪಾಯಿಗೆ ಒತ್ತಿ ತುಂಬಿ, ಮೇಲೆ ಕಲ್ಲು ಹೇರಬೇಕು. ದಿನಾ ಕೋಲಿನಿಂದ ತಳದವರೆಗೆ ಚುಚ್ಚಿ ಗಾಳಿ ಬಿಡಿಸದಿದ್ದರೆ ಕಹಿಯಾಗುತ್ತದೆ. ಕೋಸು ನೀರಿನ ಮೇಲೆ ಬಂದರೆ ಬೂಸ್ಟು. ಹುಳಿ ಬಂದೊಡನೆ ನೆಲಮಾಳಿಗೆಗೆ ಇಳಿಸಬೇಕು, ಬೆಚ್ಚಗೆ ಉಳಿದರೆ ಮೆತ್ತಗಾಗುತ್ತದೆ.

ಇಷ್ಟಾದರೂ ಎಷ್ಟೋ ಮನೆಗಳಲ್ಲಿ ಚಳಿಗಾಲ ಮುಗಿಯುವ ಮೊದಲೇ ರೊಟ್ಟಿ ಮುಗಿಯುತ್ತಿತ್ತು. 1870ರ ದಶಕದಲ್ಲಿ ಸ್ಮೊಲೆನ್ಸ್ಕ್ ಪ್ರಾಂತದ ಹಳ್ಳಿಯಲ್ಲಿ ನೆಲೆಸಿದ್ದ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಎಂಗೆಲ್‌ಹಾರ್ಟ್ ಇದನ್ನು ವಿವರವಾಗಿ ದಾಖಲಿಸಿದ್ದಾನೆ. ಮನೆ, ಕುದುರೆ, ಹಸು ಎಲ್ಲ ಇರುವ ರೈತನೇ ಚೀಲ ಹಿಡಿದು ರೊಟ್ಟಿ ಚೂರು ಕೇಳಲು ಹೊರಡುತ್ತಾನೆ. ಬಾಗಿಲಲ್ಲಿ ಸುಮ್ಮನೆ ನಿಂತರೂ ಮನೆಯಾಕೆಗೆ ಗೊತ್ತು. ಒಂದು ಚೂರು ಕೊಯ್ದು ಕೊಡುತ್ತಾಳೆ. ಮುಂದಿನ ವರ್ಷ ಅವಳ ಮನೆಯವರೇ ಚೀಲ ಹಿಡಿಯಬೇಕಾಗಬಹುದು. ಕಸುಬಾಗಿ ಭಿಕ್ಷೆ ಬೇಡುವವರನ್ನು ಊರು ಬೇರೆಯಾಗಿಯೇ ಎಣಿಸುತ್ತಿತ್ತು. ಈ ರೈತ ಹೊಸ ರೈ ಬಂದೊಡನೆ ಚೀಲ ಕೆಳಗಿಡುತ್ತಿದ್ದ.

ಇತಿ ನಿನ್ನ ಗೆಳೆಯ