ಚಿಕ್ಕಪ್ಪನ ಪ್ರಶ್ನೆಗೆ

ಸ್ಟುಟ್‌ಗಾರ್ಟ್, ಜರ್ಮನಿ

ತೀರ್ಥರೂಪ ಅಪ್ಪಯ್ಯನವರಿಗೆ ನಮಸ್ಕಾರಗಳು.

ನಾನು ಕ್ಷೇಮ. ಅಲ್ಲಿ ಮಳೆ ಬಿಡುವೇ ಕೊಟ್ಟಿಲ್ಲವಂತೆ. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಔಷಧಿ ಹೊಡೆಸಿ ಆಯಿತೇ?

ಮೊನ್ನೆ ಫೋನಿನಲ್ಲಿ ಚಿಕ್ಕಪ್ಪ ರೇಗಿದರಲ್ಲ, "ದೇವರ ವಿಷಯಕ್ಕೆ ಕಾನೂನು ಯಾಕೆ ಬರಬೇಕು? ನೀನಿರುವ ದೇಶದಲ್ಲಿ ಹಾಗುಂಟಾ?" ಅಂತ. ಅವರೆದುರು ಒಂದು ಮಾತು ಪೂರ್ತಿ ಆಡಲು ಆಗುವುದಿಲ್ಲ, ಅದಕ್ಕೇ ಈ ಕಾಗದ.

ಇಲ್ಲಿನ ಸರ್ಕಾರವೇನೂ ದೇವರಿಂದ ದೂರ ನಿಂತಿಲ್ಲ. ಮನೆ ವಿಳಾಸ ನೋಂದಾಯಿಸುವ ಅರ್ಜಿಯಲ್ಲೇ ಧರ್ಮದ ಕಾಲಂ ಇದೆ. ಚರ್ಚಿನ ಸದಸ್ಯರಾದರೆ ಆದಾಯ ತೆರಿಗೆಯ ಶೇ. 8ರಷ್ಟನ್ನು ಚರ್ಚಿಗೆಂದು ಸರ್ಕಾರವೇ ಸಂಬಳದಲ್ಲಿ ಮುರಿದುಕೊಳ್ಳುತ್ತದೆ. ನಾನು ಆ ಕಾಲಂನಲ್ಲಿ ಗೆರೆ ಎಳೆದು ಬಂದೆ. ಆದರೆ 1949ರ ಇವರ ಸಂವಿಧಾನದ ಮೊದಲ ವಿಧಿಯೇ ಮನುಷ್ಯನ ಘನತೆಗೆ ಚ್ಯುತಿ ತರಕೂಡದು ಅನ್ನುವುದು. ಧರ್ಮದ ಸ್ವಾತಂತ್ರ್ಯ 4ನೆಯದು. ಹಿಟ್ಲರನ ಕಾಲ ಕಂಡವರು ಬರೆದದ್ದಲ್ಲವೇ.

ಹಾಗೆ ನೋಡಿದರೆ ಚಿಕ್ಕಪ್ಪನಿಗೆ ಜರ್ಮನಿಯೇ ಬೇಡ, ಸೊರಬದ ಚಂದ್ರಗುತ್ತಿ ಸಾಕು. ವರದಾ ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡಿಗೆ ಹೋಗುವ ಹರಕೆ. 1986ರ ಮಾರ್ಚಿನಲ್ಲಿ ತಡೆಯಲು ಹೋದವರ, ಪೊಲೀಸರ ಬಟ್ಟೆಯನ್ನೇ ಜನ ಕಿತ್ತು ಮೆರವಣಿಗೆ ಮಾಡಿದರು. ಆಮೇಲೆ ವಿಚಾರಣಾ ಆಯೋಗ ಕೂತು, ಬೆತ್ತಲೆ ಸೇವೆಗೆ ನಿಷೇಧ ಬಂತು. ಆ ಜಾತ್ರೆಗೆ ಹೋಗುತ್ತಿದ್ದ ಅಜ್ಜಿ ಎಲೆ-ಅಡಿಕೆ ಕುಟ್ಟುತ್ತ ಹೇಳಿದ್ದು ನನಗಿನ್ನೂ ನೆನಪಿದೆ: "ದೊಡ್ಮನೆ ಹೆಂಗಸ್ರು ಒಬ್ರಾದ್ರೂ ಹಂಗೆ ಹೊಳೆಯಿಂದ ಎದ್ದು ಬಂದಿದ್ದು ನಾ ಕಾಣೆ." ಕೂಲಿಯವರ, ದಲಿತರ ಮನೆಯ ಹೆಣ್ಣುಮಕ್ಕಳಿಗೇ ಆ ಹರಕೆ ಯಾಕೆ ಅಂಟಿಕೊಂಡಿತ್ತು ಅಂತ ಚಿಕ್ಕಪ್ಪನನ್ನೇ ಕೇಳಿ.

ನಿಷೇಧ ಬಂತೆಂದು ಜಾತ್ರೆಯೇನೂ ನಿಲ್ಲಲಿಲ್ಲ, ಉಟ್ಟ ಬಟ್ಟೆಯಲ್ಲೇ ಹರಕೆ ಸಲ್ಲುತ್ತದೆ. ನಮ್ಮ ಸಂವಿಧಾನದ 25ನೇ ವಿಧಿಯೂ ಧರ್ಮದ ಹಕ್ಕು ಕೊಡುವ ಮೊದಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಅನ್ನುತ್ತದೆ. ಬರೀ ಲಾಠಿಯಿಂದ ಜನ ಬದಲಾಗುವುದಿಲ್ಲ ಅಂತ ಚಿಕ್ಕಪ್ಪ ಅಂದರೆ ಒಪ್ಪುತ್ತೇನೆ. ಊರೂರಿಗೆ ಹೋಗಿ ಕೂತು ಮಾತಾಡಬೇಕಿತ್ತು.

ಇನ್ನು ನಾನು ಇಲ್ಲಿನ ಪೌರತ್ವ ಪಡೆಯುವ ವಿಷಯ. ಪರೀಕ್ಷೆ ಸುಲಭ, 33 ಪ್ರಶ್ನೆಗೆ 17 ಸರಿಯಾದರೆ ಪಾಸು. ಜರ್ಮನಿ 2024ರಿಂದ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನಲ್ಲಿ ಊರಿಗೆ ಬಂದುಹೋಗಬಹುದು, ಆದರೆ ಒಂದು ಗುಂಟೆ ತೋಟ ಕೊಳ್ಳುವಂತಿಲ್ಲ, ಓಟು ಹಾಕುವಂತಿಲ್ಲ. ಓಟೂ ಇಲ್ಲದೆ ಇಂಥ ಜಗಳಕ್ಕೆ ಯಾವ ಮುಖ ಹೊತ್ತು ಇಳಿಯಲಿ? ಇದೊಂದೇ ನನ್ನನ್ನು ಹಿಡಿದು ನಿಲ್ಲಿಸಿರುವುದು. ನಿಮಗೇನು ಅನ್ನಿಸುತ್ತದೆ, ಬರೆಯಿರಿ.

ಚಿಕ್ಕಪ್ಪನಿಗೆ ಈ ಕಾಗದ ಓದಿ ಹೇಳಿ. ಊಟ ಆದ ಮೇಲೆ, ಮೊದಲು ಬೇಡ.

ನಿಮ್ಮ ಮಗಳು