ವಾರ್ಡಿಗೊಬ್ಬ ಫಾರ್ಮಸಿಸ್ಟ್ ಬೇಕು

ಮಾನ್ಯ ಸಂಪಾದಕರೇ,

ನನ್ನ ಅಮ್ಮನಿಗೆ 71 ವರ್ಷ. ಗಂಟುವಾತಕ್ಕೆ ತುಂಬ ಸಮಯದಿಂದ ಮೆಥೋಟ್ರೆಕ್ಸೇಟ್ ತಗೊಳ್ತಾರೆ. ವಾರಕ್ಕೆ ಒಂದೇ ಸಲ, ಆದಿತ್ಯವಾರ ರಾತ್ರಿ ಊಟದ ಮೇಲೆ. ನಮ್ಮ ಮನೆಯಲ್ಲಿ ಅದರ ಹೆಸರೇ ಆದಿತ್ಯವಾರದ ಮಾತ್ರೆ.

ಕಳೆದ ಮಳೆಗಾಲದಲ್ಲಿ ಜ್ವರ ಅಂತ ಅವರನ್ನು ನಮ್ಮ ಕಾಸರಗೋಡು ಜಿಲ್ಲೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಸೋಮವಾರ ರಾತ್ರಿ. ವಾರ್ಡಿನಲ್ಲಿ ಇದ್ದದ್ದು ಒಬ್ಬರೇ ಹೌಸ್ ಸರ್ಜನ್, ಅಂದರೆ ಇನ್ನೂ ತರಬೇತಿಯಲ್ಲಿರುವ ಡಾಕ್ಟರ್, ಮೀಸೆ ಸರಿಯಾಗಿ ಬಾರದ ಹುಡುಗ. ಅಮ್ಮನಿಗೆ ಕನ್ನಡ, ತುಳು ಬಿಟ್ಟರೆ ಬೇರೆ ಬಾರದು. ಆ ಡಾಕ್ಟರಿಗೆ ಬರುವುದು ಮಲಯಾಳ, ಇಂಗ್ಲಿಷ್. ನಾನು ದುಡ್ಡು ಕಟ್ಟಲು ಕೆಳಗೆ ಹೋಗಿದ್ದೆ. ಅವರು ಹಳೇ ಚೀಟಿ ನೋಡಿ ಒಂದೊಂದೇ ಮದ್ದನ್ನು ಕೇಸ್ ಶೀಟಿಗೆ ಇಳಿಸಿದರು. ಬಿಪಿಯದ್ದು ದಿನಕ್ಕೊಂದು, ಶುಗರಿನದ್ದು ದಿನಕ್ಕೆರಡು, ಅದರ ಕೆಳಗೆ ಮೆಥೋಟ್ರೆಕ್ಸೇಟ್ 10 ಮಿಲಿಗ್ರಾಂ, ಅದೂ ದಿನಕ್ಕೊಂದು. ಮಂಗಳವಾರ ರಾತ್ರಿ ಕೊಟ್ಟೂ ಆಯಿತು. ಬುಧವಾರ ರಾತ್ರಿ ಮಾತ್ರೆ ಹಿಡಿದು ಬಂದ ಹಿರಿಯ ಸಿಸ್ಟರ್ ಒಬ್ಬರು ಕೊಡುವ ಮುಂಚೆ ತಡೆದು, "ಅಮ್ಮಾ, ಇದು ನೀವು ದಿನಾ ತಿನ್ನುವುದಾ?" ಅಂತ ಕೇಳಿದರು. ಅಮ್ಮ "ಇಲ್ಲ ಮಗಾ, ಅದು ಆದಿತ್ಯವಾರದ್ದಲ್ವಾ" ಅಂದರು.

ಆ ಒಂದು ಪ್ರಶ್ನೆಯಿಂದ ನನ್ನಮ್ಮ ಉಳಿದರು. ಈ ಮದ್ದು ದಿನಾ ಹೊಟ್ಟೆಗೆ ಹೋದರೆ ಬಾಯಿ ತುಂಬ ಹುಣ್ಣಾಗುತ್ತದೆ, ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಲ್ಲುತ್ತಾ ಬರುತ್ತದೆ, ಸೋಂಕು ತಗಲಿ ಜೀವ ಹೋಗುವುದೂ ಉಂಟು. ಲೋಕದಲ್ಲೆಲ್ಲ ಆಗುವ ತಪ್ಪು ಇದು. ಅದಕ್ಕೇ 2020ರಲ್ಲಿ ಬ್ರಿಟನ್ನಿನ ಮದ್ದು ನಿಯಂತ್ರಣ ಸಂಸ್ಥೆ, ಮೆಥೋಟ್ರೆಕ್ಸೇಟ್ ಬರೆಯುವಾಗ ವಾರದ ಯಾವ ದಿನ ಅಂತ ರೋಗಿಯೊಂದಿಗೆ ಮಾತಾಡಿ, ಆ ದಿನದ ಹೆಸರನ್ನು ಚೀಟಿಯಲ್ಲಿ ಪೂರ್ತಿ ಬರೆಯಿರಿ ಅಂತ ಹೇಳಿತು. ನನ್ನಮ್ಮ ಬಾಯಲ್ಲಿ ಹೇಳುತ್ತಿದ್ದದ್ದೂ ಅದನ್ನೇ. ಬರೆದುಕೊಳ್ಳುವವರಿಗೆ ಅರ್ಥ ಆಗಲಿಲ್ಲ, ಅಷ್ಟೇ.

ವಿಷಯ ಗೊತ್ತಾದ ಮೇಲೆ ನೆಂಟರೆಲ್ಲ ಆ ಹುಡುಗನ ಮೇಲೆ ಕಂಪ್ಲೇಂಟ್ ಕೊಡು ಅಂದರು. ಸಿಟ್ಟು ನನಗೂ ಬಂದಿತ್ತು, ಜೋರಾಗಿಯೇ ಬಂದಿತ್ತು. ಆದರೆ ಅವರು ಹಿಂದಿನ ದಿನ ಬೆಳಗ್ಗಿನಿಂದ ಡ್ಯೂಟಿಯಲ್ಲಿದ್ದರು ಅಂತ ಆಮೇಲೆ ತಿಳಿಯಿತು. ಮರುದಿನ ಅಮ್ಮನ ಹತ್ತಿರ ಬಂದು ಕೈ ಹಿಡಿದು ಕ್ಷಮೆ ಕೇಳಿದರು, ಕಣ್ಣು ತುಂಬಿತ್ತು. ಅವರನ್ನು ಶಿಕ್ಷಿಸಿದರೆ ನಾಳೆ ಅದೇ ಮಂಚದ ಪಕ್ಕ ಇನ್ನೊಬ್ಬ ಹುಡುಗ ಅಷ್ಟೇ ನಿದ್ದೆಗೆಟ್ಟು ನಿಂತಿರುತ್ತಾನೆ.

ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್‌ಗಾಗಿ 19 ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನದ ವರದಿ 2009ರಲ್ಲಿ ಬಂತು. 1,24,260 ಸಲ ಮದ್ದು ಬರೆದದ್ದನ್ನು ನೋಡಿದರೆ ನೂರಕ್ಕೆ ಸುಮಾರು 9ರಲ್ಲಿ ತಪ್ಪು. ಮೊದಲ ವರ್ಷದ ಡಾಕ್ಟರುಗಳದ್ದು 8.4, ಎರಡನೇ ವರ್ಷದವರದ್ದು ಇನ್ನೂ ಜಾಸ್ತಿ, 10.3. ದೊಡ್ಡ ಡಾಕ್ಟರುಗಳೂ ನೂರಕ್ಕೆ 5.9 ತಪ್ಪು ಮಾಡಿದ್ದರು. ಹಾಗಾಗಿ ಸುಮ್ನೆ ಚಿಕ್ಕವರನ್ನು ಬೈದು ಏನು ಪ್ರಯೋಜನ? ಆದರೆ ಆ ತಪ್ಪುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ರೋಗಿಯ ಬಾಯಿಗೆ ಹೋಗುವ ಮೊದಲೇ ಸಿಕ್ಕಿಬಿದ್ದವು. ಹಿಡಿದವರಲ್ಲಿ ಮುಖ್ಯರು ವಾರ್ಡಿಗೆ ಬಂದು ಚಾರ್ಟ್ ನೋಡುವ ಫಾರ್ಮಸಿಸ್ಟರು.

ನಮ್ಮಲ್ಲಿ ಫಾರ್ಮಸಿಸ್ಟ್ ಅಂದರೆ ಕಿಂಡಿಯ ಹಿಂದೆ ಕೂತು ಮಾತ್ರೆ ಎಣಿಸಿ ಕೊಡುವವರು. ಅವರು ವಾರ್ಡಿನ ಮೆಟ್ಟಿಲು ಹತ್ತುವುದನ್ನು ನಾನಂತೂ ನೋಡಿಲ್ಲ. ಈ ಕೆಲಸಕ್ಕೆಂದೇ ಆರು ವರ್ಷದ ಫಾರ್ಮ್ ಡಿ ಕೋರ್ಸು 2008ರಿಂದ ನಮ್ಮ ದೇಶದಲ್ಲಿದೆ. ಮಂಗಳೂರಿಗೆ ಹೋಗಿ ಅದನ್ನು ಓದಿ ಬಂದ ನಮ್ಮ ಕಡೆಯ ಮಕ್ಕಳಿದ್ದಾರೆ, ಕನ್ನಡ, ತುಳು, ಮಲಯಾಳ ಮೂರೂ ಬರುವವರು. ಅಮ್ಮನ ಮಂಚದ ಹತ್ತಿರ ಅಂಥವರೊಬ್ಬರು ಐದು ನಿಮಿಷ ಕೂತು, ಮನೆಯಲ್ಲಿ ಯಾವ ಮದ್ದು, ಯಾವ ಹೊತ್ತಿಗೆ, ವಾರದ ಯಾವ ದಿನ ಅಂತ ಕೇಳಿ ಬರೆದಿದ್ದರೆ ಸಾಕಿತ್ತು.

ನಮ್ಮ ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದು. ಎಷ್ಟು ವರ್ಷ ಕಾದೆವು ಅಂತ ಪೆರ್ಲ, ಬದಿಯಡ್ಕ, ಮುಳ್ಳೇರಿಯದವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಎಲ್ಲ ವಾರ್ಡುಗಳೂ ನಡೆಯುವಾಗ ಪ್ರತಿ ವಾರ್ಡಿಗೆ ಒಬ್ಬ ಫಾರ್ಮಸಿಸ್ಟ್ ಇರಲಿ, ನಮ್ಮ ಭಾಷೆ ಬರುವವರು ಇರಲಿ. ಕಟ್ಟಡಕ್ಕಾಗಿ ದನಿ ಎತ್ತಿದ ಪಂಚಾಯತ್ ಸದಸ್ಯರು, ಶಾಸಕರು ಈ ಹುದ್ದೆಗಳಿಗಾಗಿಯೂ ಸರಕಾರವನ್ನು ಕೇಳಬೇಕು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ಮನೆಯ ಹಿರಿಯರು ತಿನ್ನುವ ಮಾತ್ರೆಗಳ ಹೆಸರು, ಹೊತ್ತು, ದಿನ ಬರೆದು ಒಂದು ಕಾಗದ ಅವರ ಚೀಲದಲ್ಲಿ ಇಡಿ. ವಾರಕ್ಕೊಮ್ಮೆಯದ್ದು ಇದ್ದರೆ ಅದರ ಕೆಳಗೆ ಕೆಂಪು ಗೆರೆ ಎಳೆಯಿರಿ. ಅಮ್ಮನ ಕಾಗದದಲ್ಲಿ ಈಗ ಅದು ಮೂರು ಭಾಷೆಯಲ್ಲಿ ಇದೆ.

— ಒಬ್ಬ ಓದುಗ, ಪೆರ್ಲ