ಮಾರುದ್ದ ಹೊತ್ತು

ಗೆಳೆಯಾ,

ಉತ್ತರ ಬರೆಯಲು ಇಷ್ಟು ಹೊತ್ತಾಯಿತು, ಬೈಕೋಬೇಡ. ‘ಹೊತ್ತು ಅಂದರೆ ಟೈಮಾ, ಸೂರ್ಯನಾ?’ ಅಂತ ನಿನ್ನ ಮಗಳು ಕೇಳಿದ್ದಳಲ್ಲ. ಎರಡೂ ಹೌದು ಅಂತ ಹೇಳು. ‘ಹೊತ್ತು ಮುಳುಗುವ ಹೊತ್ತಿಗೆ ಮನೆಗೆ ಬಾ’ ಅನ್ನುವಾಗ ಮೊದಲನೆಯದು ಸೂರ್ಯ, ಎರಡನೆಯದು ಟೈಮು.

ಹೋದ ತಿಂಗಳು ಊರಿಗೆ ಹೋಗಿದ್ದೆ. ತೆಂಗಿನಕಾಯಿ ಕೀಳುವವನಿಗೆ ಫೋನ್ ಮಾಡಿ ನಾಳೆ ಎಷ್ಟು ಗಂಟೆಗೆ ಬರುತ್ತೀಯಪ್ಪ ಅಂತ ಕೇಳಿದೆ. ‘ಮಾರುದ್ದ ಹೊತ್ತು ಏರೋದ್ರೊಳಗೆ ಅಲ್ಲಿರ್ತೀನಿ ಬಿಡಿ ಸಾಮಿ’ ಅಂದ. ನಾನು ಪೆದ್ದನ ಹಾಗೆ ಅಮ್ಮನ ಮುಖ ನೋಡಿದೆ. ಅಮ್ಮ ಎರಡೂ ಕೈ ಅಗಲಕ್ಕೆ ಚಾಚಿ ತೋರಿಸಿದಳು. ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಬಾವಿ ಹಗ್ಗ ಅಳೆಯುವ ಅಳತೆ ಅದು! ಅದರಲ್ಲಿ ಸೂರ್ಯನನ್ನು ಅಳೆಯುತ್ತಾರೆ. ಬೆಳಿಗ್ಗೆ ಜಗಲಿ ಮೇಲೆ ಕೂತು ನೋಡಿದೆ. ಎದುರು ಗುಡ್ಡದಿಂದ ಹೊತ್ತು ಸುಮಾರು ಅಷ್ಟು ಮೇಲೆ ಬರುವಾಗ ಅವನ ಸೈಕಲ್ಲು ಬಂತು. ಫೋನಿನಲ್ಲಿ 7:30.

ಹಳಗನ್ನಡದಲ್ಲಿ ಇದು ‘ಪೊೞ್ತು’. ಪಾಲು ಹಾಲಾದ ಹಾಗೆ ಪೊೞ್ತು ಹೊತ್ತಾಯಿತು. ತಮಿಳರ ಪೊಳುದು, ತೆಲುಗರ ಪೊದ್ದು ಇದರ ಒಡಹುಟ್ಟಿದವೇ. ಆ ಹಳೇ ‘ಪ’ ನಮ್ಮ ಬಾಯಲ್ಲಿ ಇನ್ನೂ ಒಂದು ಕಡೆ ಉಳಿದಿದೆ. ನಿಮ್ಮಮ್ಮ ಶನಿವಾರ ಒಪ್ಪೊತ್ತು ಮಾಡುತ್ತಿದ್ದರಲ್ವಾ? ಒಂದೇ ಹೊತ್ತು ಊಟ. ಅದೇ ಅದು. ಇನ್ನು ಇವತ್ತು ಅಂದರೆ ‘ಈ ಹೊತ್ತು’, ಅವತ್ತು ಅಂದರೆ ‘ಆ ಹೊತ್ತು’. ದಿನಕ್ಕೆ ನೂರು ಸಲ ಅನ್ನುತ್ತೇವೆ, ಒಳಗೆ ಹೊತ್ತು ಕೂತಿರೋದು ಗೊತ್ತೇ ಆಗುವುದಿಲ್ಲ.

ಗಳಿಗೆಗಾದರೆ ಲೆಕ್ಕ ಉಂಟು, 24 ನಿಮಿಷ, ದಿನಕ್ಕೆ 60. ಹೊತ್ತಿಗೆ ಅಂಥ ಕಟ್ಟುನಿಟ್ಟಿಲ್ಲ. ‘ಮೂರು ಹೊತ್ತು ಊಟ’ ಅಂದಾಗ ಅದು ದಿನದ ಒಂದು ಪಾಲು. ‘ಸ್ವಲ್ಪ ಹೊತ್ತು ಇರು’ ಅಂದಾಗ ಐದು ನಿಮಿಷವೂ ಆಗಬಹುದು, ನಮ್ಮ ಚಿಕ್ಕಪ್ಪನ ಬಾಯಲ್ಲಾದರೆ ಒಂದು ಮಧ್ಯಾಹ್ನವೂ ಆಗಬಹುದು. ನನಗೆ ಈ ಸಡಿಲವೇ ಇಷ್ಟ.

ಮಗಳನ್ನು ಸುಮ್ನೆ ಗೋಳು ಹೊಯ್ದುಕೊಳ್ಳಬೇಕು ಅನಿಸಿದರೆ ಈ ವಾಕ್ಯ ಕೊಡು: ‘ಸೌದೆ ಹೊತ್ತು ತಂದೆ, ಒಲೆ ಹೊತ್ತಲಿಲ್ಲ, ಅಡುಗೆಗೆ ಹೊತ್ತಾಯಿತು.’ ಮೂರೂ ಬೇರೆ ಬೇರೆ. ಮೊದಲನೆಯದು ಹೊರುವುದು, ಎರಡನೆಯದು ಉರಿಯುವುದು, ಮೂರನೆಯದು ಮಾತ್ರ ನಮ್ಮ ಹೊತ್ತು.

ಮುಂದಿನ ತಿಂಗಳು ಬರುತ್ತೀಯಂತಲ್ಲ. ರೈಲು ಎಷ್ಟು ಹೊತ್ತಿಗೆ ಅಂತ ಮೊದಲೇ ತಿಳಿಸು, ಸ್ಟೇಷನ್ನಿಗೆ ಬರುತ್ತೇನೆ. ಇದೊಂದನ್ನು ಮಾತ್ರ ಗಂಟೆ ನಿಮಿಷದಲ್ಲೇ ಹೇಳಪ್ಪ, ಮಾರಿನಲ್ಲಿ ಬೇಡ.

ನಿನ್ನ ಗೆಳೆಯ